ಬಿಚ್ಚುವ ಕಮಾಂಡ್

ನೀವು ಖಂಡಿತ ನಂಬಲ್ಲ, ಆದರೂ ಕೇಳಿ. ಶಿಡ್ಲಘಟ್ಟದ ನಮ್ಮ ಕಂಪ್ಯೂಟರ್ ರಿಪೇರಿ ಅಣ್ಣನ ಸಿಟ್ಟಿಗೆ ಬೀದಿನಾಯಿಗಳೂ ಅಂಗಡಿ ಬಿಟ್ಟು ಸುತ್ತಿ ಹೋಗುತ್ತಿದ್ದವು. ಸತ್ತ ಮಷೀನು ಎಬ್ಬಿಸುವ ಪುಟ್ಟ ಪುಟ್ಟ ಕಮಾಂಡ್‌ಗಳನ್ನೆಲ್ಲ ಅವರು ಒಂದೇ ಫೈಲಿಗೆ ತುರುಕುತ್ತಿದ್ದರು. ಆ ಫೈಲು ಕೂರಬೇಕಾದ ಮಷೀನಿನ ಬೋರ್ಡಿನಲ್ಲಿ ಜಾಗ ಕಡಿಮೆ. "ಇದ್ಯಾಕೋ ದಂಡಕ್ಕೆ? ಕಿತ್ತಾಕು!" ಎಂದು ಅಂಗಡಿಯಲ್ಲಿ ಕೈಯಾಳಾಗಿದ್ದ ನನಗೆ ಗದರುತ್ತ ದಿನಾ ಒಂದನ್ನು ತಾವೇ ಅಳಿಸುತ್ತಿದ್ದರು.

ಒಮ್ಮೆ ನಮ್ಮ ಮನೆಯ ರೇಷ್ಮೆ ನೂಲು ತೆಗೆಯುವ ಮಷೀನಿನ ಬೋರ್ಡು ಕೈಕೊಟ್ಟಿತು. ಬಿಸಿನೀರಲ್ಲಿ ಗೂಡು ಬೇಯುತ್ತಲೇ ಇತ್ತು. ಅಣ್ಣ ಬಂದು ಕೀಬೋರ್ಡು ಕುಟ್ಟಿದರು, ಮೆಣಸಿನಕಾಯಿಯಂತೆ ಕೆಂಪಾದರು. ಬೋರ್ಡಿನ ಬ್ಯಾಕಪ್ಪನ್ನು ಗಂಟು ಕಟ್ಟಿದಂತೆ ಜಿಪ್ ಮಾಡಿ ತಂದಿದ್ದರು. ಅದನ್ನು ಬಿಚ್ಚುವ ಕಮಾಂಡನ್ನೇ ಅಳಿಸಿದ್ದರು!

"ಯಾವನೋ ಕಿತ್ತಿದ್ದು?"

"ನೀವೇ ಅಣ್ಣ."

"ಮತ್ತೆ ನೀನ್ಯಾಕೋ ನನ್ ಕೈ ಹಿಡೀಲಿಲ್ಲ?"

ಅಷ್ಟರಲ್ಲಿ ಅಪ್ಪ ಒಳಗೆ ಬಂದರು. ನೀರಿನಿಂದ ಒಂದು ಗೂಡು ಎತ್ತಿ ಹಿಸುಕಿದರು. ಅತಿಯಾಗಿ ಬೆಂದಿದ್ದ ಅದು ಮುದ್ದೆಯಾಯಿತು.

"ಒಲೆ ಆರ್ಸಪ್ಪ. ಇನ್ನು ಎಳೆಯೋಕೆ ನೂಲೇ ಇಲ್ಲ."