ಮುಕ್ಕಾಲು ಗಂಟೆಯ ಗಂಜಿ

ಅಬುಧಾಬಿಯ ಮುಸಫ್ಫಾದಲ್ಲಿ ರಸ್ತೆಗೆ ಲಾರಿಗಳು ಇಳಿಯುವಂತಿಲ್ಲದ ಹೊತ್ತು. ನನ್ನನ್ನು ಊಟಕ್ಕೆ ಕರೆದಿದ್ದ ಬ್ರಹ್ಮಾವರದ ಡ್ರೈವರ್ ವಿಠಲಣ್ಣ ಟ್ರೈಲರಿನ ಪಕ್ಕದ ಪೆಟ್ಟಿಗೆ ತೆರೆದರು. ಒಳಗೊಂದು ಪೂರ್ತಿ ಅಡುಗೆಮನೆ! ಕುಕ್ಕರ್ ಒಲೆಗೇರಿಸಿ, ಮೊಬೈಲಿನಲ್ಲಿ ನಲವತ್ತೈದು ನಿಮಿಷಕ್ಕೆ ಅಲಾರಾಂ ಇಟ್ಟರು.

“ಪೋಲೆಂಡಿನ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ನಾಲ್ಕೂವರೆ ಗಂಟೆ ಓಡಿಸಿದ್ರೆ ಮುಕ್ಕಾಲು ಗಂಟೆ ನಿಲ್ಲಿಸ್ಲೇಬೇಕಂತೆ, ಕಾನೂನು. ಅಷ್ಟರಲ್ಲಿ ಕುಚ್ಚಲಕ್ಕಿ ಗಂಜಿ ಬೇಯಿಸಿ ಉಣ್ಲಿಕ್ಕೆ ಆಗ್ತದಾ ನೋಡುವ,” ಎಂದರು.

ಜೊತೆಯ ಡ್ರೈವರುಗಳು ಪಂದ್ಯ ನೋಡುವವರಂತೆ ಸುತ್ತ ಕುಳಿತು ಸೀಟಿ ಎಣಿಸಿದರು. ಗಂಜಿಯೇನೋ ಬೆಂದಿತು. ಮಿಡಿ ಉಪ್ಪಿನಕಾಯಿ ಕಚ್ಚಿಕೊಂಡು ಅರ್ಧ ಬಟ್ಟಲು ಉಂಡಿದ್ದೆವು, ಅಲಾರಾಂ ಬಡಿಯಿತು.

“ಯಲ್ಲಾ, ಹೊರಡಿ, ಗಾಡಿ ತೆಗೀರಿ,” ಎಂದು ಗೆಳೆಯನೊಬ್ಬ ನಕ್ಕ. ನಾನು ಗಡಿಬಿಡಿಯಿಂದ ಎದ್ದೆ.

ವಿಠಲಣ್ಣ ನನ್ನ ಬಟ್ಟಲಿಗೆ ಇನ್ನೊಂದು ಸೌಟು ಬಡಿಸಿದರು. “ಕೂತ್ಕೊಳ್ಳಿ ಮಾರಾಯ್ರೆ. ಪೋಲೆಂಡು ಬರುವ ತಿಂಗಳು.”