ಹಿಂದಿನ ಸೀಟಿನ ಸಾಕ್ಷಿ

ನನ್ನ ಭಾವ ಬೈಕಿನ ಸೀಟು ಹೊಲಿಯುವವರು. ಮೂವತ್ತೊಂದು ವರ್ಷದಿಂದ ಅದೇ ಕೆಲಸ, ಅದೇ ಅಂಗಡಿ, ಅದೇ ಹೊಲಿಗೆ ಯಂತ್ರ. ಎದುರು ಸಾಲಿನಲ್ಲಿ ನನ್ನ ಕನ್ನಡಕದ ಅಂಗಡಿ. ಹಾಗಾಗಿ ಅವರ ವಿಷಯ ನಾನು ಹೇಳುವುದೆಲ್ಲ ಕಣ್ಣಾರೆ ಕಂಡದ್ದು. ಅದರಲ್ಲಿ ಸ್ವಲ್ಪ ಸಿಟ್ಟು ಬೆರೆತಿದ್ದರೆ ಅದು ನನ್ನ ಸ್ವಭಾವ, ಅವರ ತಪ್ಪಲ್ಲ.

ಸೊಂಟ ನೋವು, ತೊಡೆ ಜೋಮು ಎಂದು ಯಾರಾದರೂ ಬಂದರೆ ಭಾವ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಅವರ ಬೈಕಿನ ಸೀಟಿನ ಮೇಲೆ ಬೆರಳು ದಪ್ಪ ಹದವಾದ ಜೇಡಿಮಣ್ಣು ಹರಡಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿ, "ಒಂದು ರೌಂಡ್ ಹೊಡ್ಕೊಂಡು ಬನ್ನಿ" ಎನ್ನುತ್ತಾರೆ. ಗಿರಾಕಿ ಬಂದ ಮೇಲೆ ಹಾಳೆ ಎತ್ತಿ, ಮಣ್ಣಿನಲ್ಲಿ ಬಿದ್ದ ಅಚ್ಚನ್ನು ಡಾಕ್ಟರು ಎಕ್ಸ್‌ರೇ ನೋಡುವಂತೆ ನೋಡುತ್ತಾರೆ. "ಹಿಂದಿನ ಜೇಬಲ್ಲಿ ಪರ್ಸ್ ಇಡ್ತೀರಿ. ಎಡಗಾಲು ಮೊದಲೇ ನೆಲಕ್ಕೆ ಚಾಚ್ತೀರಿ. ಬ್ರೇಕ್ ಮೇಲೆ ನಿಮಗೆ ನಂಬಿಕೆ ಇಲ್ಲ." ಗಿರಾಕಿ ಇಲ್ಲಪ್ಪ ಎಂದರೆ ಭಾವ ನಗುತ್ತಾರೆ. "ಬಾಯಿ ಸುಳ್ಳು ಹೇಳುತ್ತೆ ಸ್ವಾಮಿ, ಕುಂಡಿ ಹೇಳಲ್ಲ." ಎದುರಿಗೆ ಹೆಂಗಸರಿದ್ದರೂ ಈ ಮಾತು ತಪ್ಪದು.

ಇಷ್ಟು ಜನಕ್ಕೆ ಸೀಟು ಹೊಲಿದುಕೊಟ್ಟ ಮನುಷ್ಯನ ಹತ್ತಿರ ಸ್ವಂತ ಬೈಕಿರಲಿಲ್ಲ. ಅಕ್ಕನನ್ನು ಕರೆದುಕೊಂಡು ಎಲ್ಲಿಗೆ ಹೋದರೂ ಬಸ್ಸೇ ಗತಿ. ಮಗಳ ಓದು ಮುಗಿಯಲಿ ಎಂದರು, ಮುಗಿಯಿತು. ಅವಳಿಗೆ ಕೆಲಸ ಸಿಗಲಿ ಎಂದರು, ಸಿಕ್ಕಿತು. ಮುಂದೂಡಲು ಬೇರೆ ನೆಪ ಸಿಗದೆ, ಐವತ್ತನಾಲ್ಕನೇ ವಯಸ್ಸಿನಲ್ಲಿ ಭಾವ ಒಂದು ದಿನ ಬೆಳಿಗ್ಗೆ ನನ್ನ ಅಂಗಡಿಗೆ ಬಂದು ಕುರ್ಚಿ ಎಳೆದುಕೊಂಡು, "ಬೈಕ್ ತಗೋತೀನಿ ಕಣಯ್ಯ" ಎಂದರು.

ಯಾವುದು ಎನ್ನುವಲ್ಲಿ ಶುರುವಾಯಿತು ಮೀನಮೇಷ. ಅಳೆದು ಸುರಿದು ಕೊನೆಗೆ ಎರಡು ಉಳಿದವು. ಒಂದು ಹಳೇ ಶೈಲಿಯ ಕ್ರೂಸರ್: ಉದ್ದಕ್ಕೆ, ತಗ್ಗಿಗೆ, ಎದೆಮಟ್ಟದ ಹ್ಯಾಂಡಲ್ಲು, ಕಾಲು ಮುಂದಕ್ಕೆ ಚಾಚಿ ಡುಗುಡುಗು ಎಂದು ಹೋಗುವಂಥದ್ದು. ಇನ್ನೊಂದು ರೇಸಿನ ಜಾತಿಯದು: ಮೈಯೆಲ್ಲ ಮುಂದಕ್ಕೆ ಬಾಗಿ, ಹಿಂದಿನ ಸೀಟು ಅಟ್ಟದ ಹಾಗೆ ಮೇಲೆ, ಅದೂ ಎರಡು ಅಂಗೈ ಅಗಲ. ಅಕ್ಕ ಎರಡರ ಚಿತ್ರವನ್ನೂ ನೋಡಿ ಹೆಸರಿಟ್ಟೇಬಿಟ್ಟಳು. ಕ್ರೂಸರ್ 'ದೊಡ್ಡಪ್ಪ'. ಊಟವಾದ ಮೇಲೆ ಆರಾಮಕುರ್ಚಿಯಲ್ಲಿ ಹೊಟ್ಟೆ ಬಿಟ್ಟು ಕೂತಂತಿದೆಯಂತೆ. ರೇಸಿನದು 'ತಮ್ಮ'.

"ಅದ್ಯಾಕೆ ತಮ್ಮ?" ಎಂದೆ.

"ಮೂಗಿನ ತುದೀಲೇ ಕೋಪ. ಮುಟ್ಟಿದ್ರೆ ಹಾರುತ್ತೆ" ಎಂದಳು. ನಾನು ಹಾರಿದೆ. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಭಾವನಿಗೆ ಯಾವುದು ಬೇಕೆಂದು ನನಗೆ ಗೊತ್ತಿತ್ತು. ಗಿರಾಕಿಗಳ ರೇಸಿನ ಬೈಕು ಅಂಗಡಿಯಲ್ಲಿ ನಿಂತಿದ್ದಾಗ, ಯಾರೂ ಇಲ್ಲವೆಂದುಕೊಂಡು ಅವರು ಅದರ ಮೇಲೆ ಬಗ್ಗಿ ಕೂತು, ಬಾಯಿ ಮುಚ್ಚಿಕೊಂಡೇ 'ರುಂಯ್' ಎನ್ನುವುದನ್ನು ನಾನು ಎದುರು ಅಂಗಡಿಯಿಂದ ಎಷ್ಟೋ ಸಲ ನೋಡಿದ್ದೇನೆ. ಹಾಗಾದರೆ ಅದನ್ನೇ ತಗೊಳ್ಳಿ ಎಂದೆ.

"ನಾನೊಬ್ಬನೇ ಓಡಾಡೋಕಾದ್ರೆ ಯೋಚನೇನೇ ಇರ್ಲಿಲ್ಲ" ಎಂದರು. "ಇಷ್ಟು ವರ್ಷ ಕಾಯಿಸಿದೀನಿ ಅವಳನ್ನ. ಅವಳು ಖುಷಿಯಾಗಿ ಹಿಂದೆ ಕೂರದಿದ್ರೆ ಆ ಬೈಕಿಗೆ ಏನರ್ಥ? ಧೂಳು ತಿನ್ಕೊಂಡು ನಿಂತಿರುತ್ತೆ."

ಶೋರೂಮಿನ ಮ್ಯಾನೇಜರು ಭಾವನ ಹಳೇ ಪರಿಚಯ. ಒಂದು ಭಾನುವಾರದ ಮಟ್ಟಿಗೆ ಎರಡು ಬೈಕನ್ನೂ ಕೊಟ್ಟರು. ಭಾವ ಮನೆ ಮುಂದೆ ಎರಡರ ಹಿಂದಿನ ಸೀಟಿಗೂ ಮಣ್ಣು ಹರಡಿದರು. "ಕಟ್ಕೊಂಡ ಹೆಂಡ್ತೀನೂ ಬಿಡಲ್ವಾ ನೀವು?" ಎಂದು ಬೈದುಕೊಂಡೇ ಅಕ್ಕ ಹೆಲ್ಮೆಟ್ ಹಾಕಿದಳು. ಮೊದಲು ದೊಡ್ಡಪ್ಪ, ಆಮೇಲೆ ತಮ್ಮ. ರಿಂಗ್ ರಸ್ತೆಯವರೆಗೆ ಹೋಗಿ ಬಂದರು. ಹೇಗಿತ್ತು ಎಂದು ನಾನು ಕೇಳಿದ್ದಕ್ಕೆ ಅಕ್ಕ, "ಎರಡೂ ಚೆನ್ನಾಗಿದೆಯಪ್ಪ. ಇವರಿಗೆ ಯಾವುದಾದ್ರೆ ಅದು" ಎಂದು ಒಳಗೆ ಹೋದಳು.

ಭಾವ ಹಾಳೆ ಎತ್ತಿದರು. ದೊಡ್ಡಪ್ಪನ ಸೀಟಿನ ಮಣ್ಣಿನಲ್ಲಿ ಅಚ್ಚು ಸಮನಾಗಿ, ತುಂಬಿಕೊಂಡು ಬಿದ್ದಿತ್ತು. ತಮ್ಮನ ಸೀಟಿನಲ್ಲಿ ಮುಂದಿನ ಅಂಚು ಮಾತ್ರ ಆಳವಾಗಿ ಒತ್ತಿತ್ತು, ಹಿಂದಿನ ಅರ್ಧ ಹರಡಿದ್ದು ಹರಡಿದ ಹಾಗೇ ಇತ್ತು. ಅವರ ಮುಖ ಸಪ್ಪಗಾಯಿತು.

"ನೋಡಯ್ಯ, ಸೀಟಿನ ತುದೀಲಿ ಕೂತಿದಾಳೆ. ಹೆದರ್ಕೊಂಡು ಮುಂದಕ್ಕೆ ಜರುಗಿ ನನ್ನನ್ನ ಹಿಡ್ಕೊಂಡಿದಾಳೆ. ಪಾಪ, ಬಾಯಿ ಬಿಟ್ಟು ಹೇಳಿಲ್ಲ."

"ಕೇಳಿ ನೋಡಿ ಭಾವ. ಒಳಗೇ ಇದಾಳಲ್ಲ, ಅಮೆರಿಕದಲ್ಲಿಲ್ಲ."

"ಕೇಳಿದ್ರೆ ನನಗೋಸ್ಕರ ಸುಳ್ಳು ಹೇಳ್ತಾಳೆ. ಇದು ಹೇಳಲ್ಲ" ಎಂದು ಮಣ್ಣನ್ನು ತೋರಿಸಿದರು.

ಮಾರನೇ ದಿನವೇ ಹೋಗಿ ದೊಡ್ಡಪ್ಪನನ್ನು ಬುಕ್ ಮಾಡಿ ಬಂದರು. ಬೈಕು ಬರಲು ಮೂರು ವಾರ. ಆ ದಿನಗಳಲ್ಲಿ ಭಾವ ಹೆಂಡತಿಗೆ ತಿಳಿಯದ ಹಾಗೆ ಹಿಂದಿನ ಸೀಟಿಗೆ ಒರಗು ದಿಂಬು ಹೊಲಿಯತೊಡಗಿದರು. ಹೊಸ ಬೈಕು ಬರುವ ಸಡಗರ ಆ ಮನೆಯಲ್ಲಿ ಕಾಣಲೇ ಇಲ್ಲ. ಅಕ್ಕ ಹೂಂ ಎಂದರೆ ಹೂಂ, ಉಹೂಂ ಎಂದರೆ ಉಹೂಂ. ಭಾವ ಹಲ್ಲು ನೋವಿದ್ದವರ ಹಾಗೆ ಓಡಾಡುತ್ತಿದ್ದರು. ನನಗೆ ಇಬ್ಬರ ಮೇಲೂ ರೇಗುತ್ತಿತ್ತು.

ಎರಡನೇ ವಾರದ ಬುಧವಾರ ಭಾವ ಊಟದ ಡಬ್ಬಿ ಮರೆತು ಬಂದಿದ್ದರು. ಅಕ್ಕ ಆಸ್ಪತ್ರೆಗೆ ಹೊರಟವಳು ಅದನ್ನು ಕೊಡಲು ಅಂಗಡಿಗೆ ಬಂದಳು. ಅವಳಿಗೆ ಅಲ್ಲಿ ವಿಚಾರಣೆಯ ಕಿಟಕಿಯಲ್ಲಿ ಕೆಲಸ. ಯಾವ ವಿಭಾಗ ಎಲ್ಲಿದೆ ಎಂದು ಬಂದವರಿಗೆ ಹೇಳುವುದು. ಐದೇ ನಿಮಿಷಕ್ಕೆ ಅವಳ ಗಂಟಲು ನನ್ನ ಅಂಗಡಿಯವರೆಗೂ ಕೇಳಿಸಿತು. ಒಬ್ಬರ ಕಣ್ಣು ಅಳೆಯುತ್ತಿದ್ದವನು ಅವರನ್ನು ಹಾಗೇ ಕೂರಿಸಿ ರಸ್ತೆ ದಾಟಿ ಓಡಿದೆ.

ಮೇಜಿನ ಮೇಲೆ ಅರ್ಧ ಹೊಲಿದ ದಿಂಬು. ಪಕ್ಕದಲ್ಲಿ ಅವತ್ತು ಸೀಟಿನಿಂದ ಎಬ್ಬಿಸಿ ತಂದಿಟ್ಟಿದ್ದ, ಈಗ ಒಣಗಿ ಬಿರುಕು ಬಿಟ್ಟ ಎರಡು ಮಣ್ಣಿನ ಅಚ್ಚು. ದಿಂಬು ಯಾರಿಗೆ ಎಂದು ಅಕ್ಕ ಕೇಳಿ, ಭಾವ ಎಲ್ಲ ವಿವರಿಸಿ ಆಗಿತ್ತು.

"ಹೆದರಿದ್ನಂತೆ! ನಾನು! ಯಾರು ಹೇಳಿದ್ದು ನಿಮಗೆ?"

"ಅಚ್ಚು ನೋಡು ನೀನೇ. ತುದೀಲಿ ಕೂತಿದೀಯ."

"ಕೂರದೆ ಇನ್ನೇನು? ನಿಮ್ಮ ಹೆಗಲ ಮೇಲಿಂದ ರಸ್ತೆ ನೋಡ್ಬೇಕಿತ್ತು ನನಗೆ! ಅಷ್ಟೆತ್ತರದಲ್ಲಿ ಕೂತ್ರೆ ಎಷ್ಟು ಚೆನ್ನಾಗಿ ಕಾಣ್ಸುತ್ತೆ ಗೊತ್ತಾ? ತಿರುವು ಬಂದಾಗೆಲ್ಲ ಮೈಯೆಲ್ಲ ಝುಂ ಅಂತಿತ್ತು. ಇನ್ನೂ ಜೋರಾಗಿ ಹೋಗ್ಲಿ ಅನ್ಕೊಂಡು ನಾನು ಮುಂದೆ ಮುಂದೆ ಜರುಗ್ತಿದ್ದೆ, ಮಹರಾಯ್ರೇ! ಆ ದೊಡ್ಡಪ್ಪನ ಹಿಂದೆ ಕೂತ್ರೆ ನಿಮ್ಮ ಬೆನ್ನು ಬಿಟ್ಟು ಇನ್ನೇನೂ ಕಾಣಲ್ಲ. ಮೈಭಾರ ಎಲ್ಲ ಬಿಟ್ಟು ಕೂತಿದ್ದು ಬೇಜಾರಿಗೆ. ನಿದ್ದೆ ಬರ್ತಿತ್ತು ನನಗೆ."

ಭಾವನ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು. "ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ಇಳಿದ ತಕ್ಷಣ ದೊಡ್ಡಪ್ಪನ ಮುಂದಿನ ಸೀಟನ್ನ ಸವರ್ತಾ ನಿಂತ್ರಲ್ಲ ನೀವು. ಇವರಿಗೆ ಅದೇ ಮನಸ್ಸಿಗೆ ಬಂದಿದೆ, ಯಾಕೆ ಬೇಡ ಅನ್ನೋದು ಅನ್ಕೊಂಡೆ."

"ಹೊಲಿಗೆ ಸೊಟ್ಟ ಇತ್ತು ಕಣೇ. ಅದನ್ನ ನೋಡ್ತಿದ್ದೆ."

ನನಗೆ ತಡೆಯಲಾಗಲಿಲ್ಲ. "ಇಬ್ಬರಿಗೂ ತಮ್ಮನೇ ಬೇಕು, ಮನೆಗೆ ಬರೋನು ದೊಡ್ಡಪ್ಪ! ಕೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಅಲೆದ್ರಂತೆ. ಬಾಯಿ ಅಂತ ಒಂದಿದೆಯಲ್ಲ ಇಬ್ಬರಿಗೂ!" ಎಂದು ಕೂಗಾಡಿದೆ. ಇಬ್ಬರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅಕ್ಕನ ದನಿ ಇಳಿಯಿತು. "ದಿನವಿಡೀ ಗಾಜಿನ ಹಿಂದೆ ಕೂತು ಬೇರೆಯವರಿಗೆ ದಾರಿ ಹೇಳ್ತೀನಿ. ಅವತ್ತು ಅರ್ಧ ಗಂಟೆ ನನ್ನೆದುರಿಗೇ ರಸ್ತೆ ಇತ್ತು. ಊರಿನವರು ಹೇಗೆ ಕೂರ್ತಾರೆ ಅಂತ ಓದೋಕೆ ಬರುತ್ತೆ ನಿಮಗೆ. ನನ್ನನ್ನ ಒಂದು ಮಾತು ಕೇಳೋಕಾಗ್ಲಿಲ್ವಾ?"

ಅವಳ ಕಣ್ಣು ತುಂಬಿತ್ತು. ಭಾವ ದಿಂಬನ್ನು ಪಕ್ಕಕ್ಕಿಟ್ಟು, ಎರಡು ಅಚ್ಚನ್ನೂ ಎತ್ತಿ ನೀರಿನ ಬಕೆಟ್ಟಿಗೆ ಹಾಕಿ, ಕೈ ತೊಳೆದುಕೊಂಡು ಬಂದರು.

"ಹೋಗೋಣ ನಡಿ, ಶೋರೂಮಿಗೆ" ಎಂದರು. ಒಂದು ಹೆಜ್ಜೆ ಇಟ್ಟು ನಿಂತು, "ಬರ್ತೀಯಾ?" ಎಂದು ಕೇಳಿದರು.

ಅಕ್ಕ ಆಸ್ಪತ್ರೆಗೆ ಫೋನು ಮಾಡಿ ಅರ್ಧ ದಿನ ರಜೆ ಹೇಳಿದಳು. ನಾನೂ ಹೊರಟೆ. ಕನ್ನಡಕದ ಗಿರಾಕಿಯ ನೆನಪು ನನಗೆ ಶೋರೂಮಿನ ಬಾಗಿಲಲ್ಲಿ ಬಂತು.

ಮ್ಯಾನೇಜರು ಮೊದಲು ಮುಖ ಸಿಂಡರಿಸಿದರು. ಬಣ್ಣ ಬದಲಾಯಿಸುವವರು ಬರುತ್ತಾರಂತೆ, ಬೈಕನ್ನೇ ಬದಲಾಯಿಸುವವರು ಅಪರೂಪವಂತೆ. ಆಮೇಲೆ ಒಂದು ಫಾರಂ ಕೊಟ್ಟು, "ಇಲ್ಲಿ ಕಾರಣ ಬರೀಬೇಕು, ಮೇಲಿನವರು ಕೇಳ್ತಾರೆ" ಎಂದರು. ಭಾವ ಪೆನ್ನು ತೆಗೆದುಕೊಂಡರು. ತಾಂತ್ರಿಕ ಕಾರಣ ಎಂದು ಬರೆದುಬಿಡಿ ಎಂದು ನಾನು ಹೇಳಿಕೊಟ್ಟೆ, ಕೇಳಲಿಲ್ಲ. ಹೊಲಿಗೆ ಹಾಕುವಷ್ಟೇ ನಿಧಾನವಾಗಿ ಒಂದೊಂದೇ ಅಕ್ಷರ ಬರೆದರು: 'ಹೆಂಡತಿಯನ್ನು ಕೇಳಿರಲಿಲ್ಲ.'

ಕೆಳಗೆ ಸಹಿ ಹಾಕಿ ಫಾರಂ ಕೊಡಲು ಹೋದಾಗ ಅಕ್ಕ ಅದನ್ನು ಎಳೆದುಕೊಂಡು ಓದಿದಳು. ಓದಿ, ಅವರ ಕೈಯಿಂದ ಪೆನ್ನು ತೆಗೆದುಕೊಂಡು ಅವರ ಸಹಿಯ ಪಕ್ಕದಲ್ಲಿ ತನ್ನದೂ ಹಾಕಿದಳು. ಆ ಫಾರಮ್ಮಿನಲ್ಲಿ ಅವಳ ಸಹಿಗೆ ಜಾಗವೇ ಇರಲಿಲ್ಲ.