ಗಿರಣಿಯ ಮೊದಲ ಮುಷ್ಕರ ಮತ್ತು ನಮ್ಮ ಆಯುಕ್ತರು

ದುಡಿಯುವವರಿಗೂ ದುಡಿಸಿಕೊಳ್ಳುವವರಿಗೂ ಜಗಳ ಹತ್ತಿದಾಗ ಸರ್ಕಾರದ ಕಡೆಯಿಂದ ಒಬ್ಬರು ನಡುವೆ ಕೂತು ಮಾತನಾಡಿಸಬಹುದು ಎಂಬ ಕಲ್ಪನೆಯೇ ಹೊಸದಾಗಿದ್ದ ಕಾಲದಲ್ಲಿ ಸೇವೆಗೆ ಸೇರಿದವರು, ಈಗ ಕಾರ್ಮಿಕ ಇಲಾಖೆಯ ಆಯುಕ್ತರಾಗಿ ನಿವೃತ್ತರಾಗುತ್ತಿರುವ ಈ ಹಿರಿಯರು. ಸಂಧಾನವೆಂಬ ಕೆಲಸಕ್ಕೆ ಇಂದು ಒಂದು ಶಿಸ್ತೂ ಒಂದು ಮರ್ಯಾದೆಯೂ ಬಂದಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು. ಗಿರಣಿಯ ಜನ ಅವರನ್ನು ‘ನಿಧಾನದ ಸಾಹೇಬರು’ ಎನ್ನುತ್ತಾರೆ. ಆ ಹೆಸರು ಮೊದಲು ಬೈಗುಳವಾಗಿತ್ತು, ಬರಬರುತ್ತಾ ಬಿರುದಾಯಿತು.

ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಅವರನ್ನು ತನ್ನ ಮನೆಯಲ್ಲಿಟ್ಟುಕೊಂಡು ಸಾಕಿದವಳು ಅಕ್ಕ. ಓದಿಸಿದವರು ಅಕ್ಕನ ಗಂಡ. ಆ ಭಾವ ಊರಿನ ಮೊದಲ ಬಟ್ಟೆ ಗಿರಣಿಯ ಮ್ಯಾನೇಜರಾಗಿದ್ದರು. ಅದೇ ಗಿರಣಿಯಲ್ಲಿ ಸಂಬಳ ಹೆಚ್ಚಿಸಬೇಕೆಂದು ಮೊದಲ ಮುಷ್ಕರ ಶುರುವಾದಾಗ, ಇಲಾಖೆಯ ಹಿರಿಯ ಅಧಿಕಾರಿಗಳೆಲ್ಲ ಒಂದೊಂದು ನೆಪ ಹೇಳಿ ಕೈತೊಳೆದುಕೊಂಡು, ಹೊಸದಾಗಿ ಬಂದಿದ್ದ ಇವರನ್ನು ಮುಂದೆ ತಳ್ಳಿದರು.

ಗಿರಣಿಯ ಗೇಟಿನ ಹೊರಗೆ ಕೆಲಸಗಾರರು, ಒಳಗೆ ಪೊಲೀಸರು. ಮಾಲೀಕರು ಕೆಲಸಗಾರರ ಜೊತೆ ಒಂದೇ ಕೋಣೆಯಲ್ಲಿ ಕೂರಲು ಒಪ್ಪಲಿಲ್ಲ. ಹೀಗಾಗಿ ಕಚೇರಿಯ ಒಂದು ಕೋಣೆಯಲ್ಲಿ ಮಾಲೀಕರೂ ಭಾವನವರೂ, ಎಣ್ಣೆ ಡಬ್ಬಿಗಳ ವಾಸನೆಯಿಂದ ಕೂಡಿದ ಇನ್ನೊಂದು ಕೋಣೆಯಲ್ಲಿ ಕೆಲಸಗಾರರ ಪ್ರತಿನಿಧಿಗಳು. ಇಬ್ಬರ ನಡುವೆ ಓಡಾಡುವುದು ನಮ್ಮ ಅಧಿಕಾರಿಗಳ ಪಾಲಿಗೆ ಬಂತು. ಮೊದಲ ಮಾತಿನಲ್ಲೇ ಅವರು ಕೆಲಸಗಾರರಿಗೆ ವಿಷಯ ತಿಳಿಸಿಬಿಟ್ಟರು: “ಮ್ಯಾನೇಜರು ನನಗೆ ಭಾವ ಆಗಬೇಕು. ಅವರ ಅನ್ನ ತಿಂದು ಬೆಳೆದವನು ನಾನು. ಬೇಡ ಅಂದ್ರೆ ಈಗಲೇ ಎದ್ದು ಹೋಗ್ತೀನಿ, ಬೇರೆಯವರನ್ನ ಕಳಿಸ್ತಾರೆ.”

ಕೋಣೆಯಲ್ಲಿ ಗುಸುಗುಸು ಎದ್ದಿತು. ನೂಲು ಸುತ್ತುವ ಹೆಂಗಸರ ಪರವಾಗಿ ಬಂದಿದ್ದ, ಎಲ್ಲರೂ ದೊಡ್ಡಕ್ಕ ಎಂದು ಕರೆಯುತ್ತಿದ್ದ ಹೆಂಗಸು ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. “ಕೂತ್ಕೊಳ್ಳಪ್ಪ. ನೀನು ವಾಲಿದ್ರೆ ಯಾವ ಕಡೆಗೆ ಅಂತ ನಮಗೆ ಗೊತ್ತಿರುತ್ತೆ. ಬೇರೆಯವರು ಬಂದ್ರೆ ಅದೂ ಗೊತ್ತಾಗಲ್ಲ” ಎಂದಳು.

ಮಾಲೀಕರು ಒಂದಿಷ್ಟು ಇಳಿದುಬಂದರು. ಆದರೆ ಹೆಚ್ಚಳ ಮಗ್ಗದ ಗಂಡಸರಿಗೆ ಮಾತ್ರ. ನೂಲು ಸುತ್ತುವವರಿಗೆ ಇಲ್ಲ. ದೊಡ್ಡಕ್ಕ ಗೇಟಿನ ಬಳಿಯ ಹೆಂಗಸರನ್ನು ಸಮಾಧಾನಪಡಿಸಲು ಹೋಗಿದ್ದಾಗ ಈ ಮಾತು ಬಂತು. ಮನೆಯಲ್ಲಿ ಒಲೆ ಉರಿಯುವುದೇ ಕಷ್ಟವಾಗಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಮುಖಂಡ, ಮಗ್ಗದ ಮೇಸ್ತ್ರಿ, ತಲೆ ತಗ್ಗಿಸಿ, “ಬರೆದುಬಿಡಿ ಸಾರ್. ಸದ್ಯಕ್ಕೆ ಇಷ್ಟಾಗಲಿ” ಎಂದ. ಹೇಗಾದರೂ ಗಿರಣಿ ನಡೆಯಲಿ ಎಂದು ಮೇಲಿನಿಂದ ಆಜ್ಞೆಯಿತ್ತು. ಬರೆದಿದ್ದರೆ ಆ ಯುವ ಅಧಿಕಾರಿಯನ್ನು ಕೇಳುವವರೇ ಇರಲಿಲ್ಲ. ಭಾವನವರ ಸಂಕಟವೂ ಅಲ್ಲಿಗೇ ಕಳೆಯುತ್ತಿತ್ತು. ಯುವ ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು.

“ಬರೀತೀನಿ. ಆದರೆ ಮೊದಲು ನೀವೇ ಗೇಟಿನ ಹತ್ತಿರ ಹೋಗಿ ಆ ಹೆಂಗಸರಿಗೆ ಹೇಳಿ ಬನ್ನಿ.”

ಮೇಸ್ತ್ರಿ ಹೋದ. ಕಿಟಕಿಯಿಂದ ಎಲ್ಲವೂ ಕಾಣುತ್ತಿತ್ತು. ಗೇಟಿನಾಚೆ ಬಿಸಿಲಿಗೆ ಸೆರಗು ಹೊದ್ದು ಕೂತಿದ್ದ ನೂಲು ಸುತ್ತುವವರಲ್ಲಿ ಅವನ ಹೆಂಡತಿಯೂ ಇದ್ದಳು. ಅವಳು ಎದ್ದು ಬಂದು ಸರಳುಗಳ ನಡುವಿನಿಂದ ಅವನಿಗೆ ನೀರಿನ ತಂಬಿಗೆ ಚಾಚಿದಳು. ಅವನು ನೀರು ಕುಡಿದ, ತಂಬಿಗೆ ವಾಪಸು ಕೊಟ್ಟ, ಒಂದು ಮಾತೂ ಆಡದೆ ತಿರುಗಿ ಬಂದ.

“ಆಗಲ್ಲ ಸಾರ್. ಮುಚ್ಚಿ ಪೆನ್ನು.”

ನಮ್ಮ ಅಧಿಕಾರಿಗಳು ಇದನ್ನು ಮಾಲೀಕರ ಕೋಣೆಗೆ ಹೋಗಿ ಇದ್ದದ್ದು ಇದ್ದಹಾಗೆ ಹೇಳಿದರು. ಮಾಲೀಕರು ಕೆಂಡವಾದರು. ಭಾವನವರು ಆಗ, “ನೂಲು ಸುತ್ತುವವರಿಲ್ಲದೆ ಮಗ್ಗ ಏನು ಗಾಳಿ ನೇಯುತ್ತಾ ಸ್ವಾಮಿ? ಎಲ್ಲರಿಗೂ ಕೊಡೋಣ. ಅರ್ಧ ಈಗ, ಅರ್ಧ ಬರುವ ವರ್ಷ” ಎಂದರು. ಬಹಳ ಹೊತ್ತು ಜಗ್ಗಾಡಿ ಮಾಲೀಕರು ಒಪ್ಪಿದರು. ಕೆಲಸಗಾರರು ಕೇಳಿದಷ್ಟು ಸಿಗಲಿಲ್ಲ. ಸಿಕ್ಕಿದ್ದು ಎಲ್ಲರಿಗೂ ಸಿಕ್ಕಿತು. ಒಪ್ಪಂದದ ಕಾಗದಕ್ಕೆ ದೊಡ್ಡಕ್ಕ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಮಾಲೀಕರ ಮೇಜಿನ ಬಟ್ಟೆಗೆ ಒರೆಸಿ ಹೊರಟಳು.

ಮಾಲೀಕರು ಆ ಸಿಟ್ಟನ್ನು ತೀರಿಸಿಕೊಂಡದ್ದು ಭಾವನವರ ಮೇಲೆ. ಅವರನ್ನು ದೂರದ ಗೋದಾಮಿಗೆ ಹಾಕಿದರು. ಅಕ್ಕ ತಮ್ಮನ ಜೊತೆ ಮಾತು ಬಿಟ್ಟಳು. ತಮ್ಮ ರಜೆ ಸಿಕ್ಕಾಗಲೆಲ್ಲ ಹೋಗಿ ಅವರ ಜಗಲಿಯಲ್ಲಿ ಕೂತು, ಭಾವನವರು ತಂದುಕೊಟ್ಟ ಚಹಾ ಕುಡಿದು, ಒಳಬಾಗಿಲ ಕಡೆ ನೋಡಿ ಎದ್ದು ಬರುತ್ತಿದ್ದರು. ವರ್ಷಗಳು ಹೀಗೇ ಕಳೆದವು. ಒಮ್ಮೆ ಭಾವನವರೇ ಒಳಗೆ ಕೇಳುವಂತೆ ಗಟ್ಟಿಯಾಗಿ, “ಅವತ್ತು ಇವನು ನನ್ನ ಕಡೆ ವಾಲಿದ್ದಿದ್ರೆ ನಾನೇ ಇವನ ಮುಖ ನೋಡ್ತಿರಲಿಲ್ಲ ಕಣೇ” ಎಂದರು. ಸ್ವಲ್ಪ ಹೊತ್ತಿಗೆ ಅಕ್ಕ ಬಾಗಿಲಿಗೆ ಬಂದು, “ಊಟಕ್ಕೆ ಇರ್ತಾನೋ ಹೋಗ್ತಾನೋ ಕೇಳಿ” ಎಂದಳಂತೆ. ಅವರು ಇದ್ದರು.

ಮುಂದೆ ಅವರು ಬಗೆಹರಿಸಿದ ವಿವಾದಗಳು ಅನೇಕ, ಏರಿದ ಹುದ್ದೆಗಳು ಅನೇಕ. ಕಿರಿಯ ಅಧಿಕಾರಿಗಳನ್ನು ಸಂಧಾನಕ್ಕೆ ಜೊತೆಯಲ್ಲಿ ಕರೆದೊಯ್ದು, ತಪ್ಪಿದಾಗ ಎಲ್ಲರೆದುರು ಬೈಯದೆ, ಹಿಂತಿರುಗುವಾಗ ಜೀಪಿನಲ್ಲಿ ಮೆಲ್ಲಗೆ ತಿದ್ದುತ್ತಿದ್ದ ಅವರ ರೀತಿಯನ್ನು ಇಲಾಖೆ ಮರೆಯುವುದಿಲ್ಲ.

ಬೀಳ್ಕೊಡುಗೆಯ ದಿನ, ಇನ್ನು ಮುಂದೇನು ಎಂದು ಯಾರೋ ಕೇಳಿದರು. “ಮನೆಯಲ್ಲಿ ಸಂಧಾನ ಬಾಕಿ ಇದೆ. ಅಲ್ಲಿ ನಾನೇ ಒಂದು ಪಕ್ಷ, ಅದೇ ಕಷ್ಟ” ಎಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ಶ್ರೀಮತಿಯವರು, “ನನ್ನ ಬೇಡಿಕೆ ಇನ್ನೂ ಹೇಳೇ ಇಲ್ಲ” ಎಂದರು. ಸಭೆಯೆಲ್ಲ ನಕ್ಕಿತು. ಎಷ್ಟೋ ಜಗಳಗಳನ್ನು ಮುಗಿಸಿಕೊಟ್ಟ ಈ ಹಿರಿಯರಿಗೆ ಆಯುಸ್ಸೂ ಆರೋಗ್ಯವೂ ಒದಗಲಿ. ಇಲಾಖೆಯ ಕಿರಿಯರಿಗೆ ಅವರ ಮನೆಯ ಬಾಗಿಲು ತೆರೆದಿರಲಿ. ಆ ಮನೆಯೊಳಗಿನ ಮಾತುಕತೆ ಮಾತ್ರ ಯಾವ ಒಪ್ಪಂದಕ್ಕೂ ಬಾರದೆ ಬಹುಕಾಲ ನಡೆಯುತ್ತಿರಲಿ.